ಕಲ್ಲಿನ ವ್ಯಾಪಾರಿಯ ಐರಿಶ್ ಕೊಳಲು

ಯಾರ ಕಣ್ಣಿಗೂ ಬೀಳದೆ ಮೂಲೆ ಹಿಡಿದು ಕೂರೋಣ ಅಂತ ನಾನು ಎಲ್ಲಿಗೇ ಹೋಗಲಿ, ಊರಿಗೆಲ್ಲ ಕಾಣುವಂಥದ್ದೇನಾದರೂ ಒಂದು ನನ್ನಿಂದಲೇ ಆಗಿಬಿಡುತ್ತದೆ. ಮದುವೆ ಮನೆಯ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ಅವಿತು ನಿಂತರೂ ಕಣ್ಣು ಮುಚ್ಚಿದವನು ನಾನೊಬ್ಬನೇ ಆಗಿರುತ್ತೇನೆ. ಹೋದ ವರ್ಷದ ಬೇಸಿಗೆಯಲ್ಲಿ ಐರಿಶ್ ಸಂಗೀತದ ಶಾಲೆಯೊಂದರಲ್ಲಿ ಒಂದು ವಾರ ಕಳೆದೆ. ಆ ವಾರ ಆದಷ್ಟು ಫಜೀತಿ ಉಳಿದ ಆಯುಷ್ಯದಲ್ಲೆಲ್ಲ ಕೂಡಿಸಿದರೂ ಆಗಿರಲಿಕ್ಕಿಲ್ಲ.

ನಾನು ಹುಬ್ಬಳ್ಳಿಯವನು. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಗ್ರಾನೈಟ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಳಕಲ್ಲಿನ ಕೆಂಪು ಕಲ್ಲು, ಬ್ರೆಜಿಲ್ಲಿನ ಬಿಳಿ ಕಲ್ಲು, ಯಾವುದು ಬೇಕೋ ಅದನ್ನು ಅಳತೆಗೆ ಕೊಯ್ದು ಅಡುಗೆಮನೆಯ ಕಟ್ಟೆಗೆ ಹಾಸಿಕೊಡುವುದು ನನ್ನ ಕಸುಬು. ಅದರ ಜೊತೆ ಚಿಕ್ಕಂದಿನಿಂದ ಕೊಳಲಿನ ಹುಚ್ಚು. ಕಾಲೇಜಿನ ಗ್ಯಾದರಿಂಗಿನಲ್ಲಿ ಒಮ್ಮೆ ಸ್ಟೇಜ್ ಹತ್ತಿದ್ದೆ. ತಬಲಾದವನು ಠೇಕಾ ಹಿಡಿದ, ನನ್ನ ತುಟಿ ಒಣಗಿತು, ಊದಿದರೆ ಬರೀ ಗಾಳಿ ಬಂತು. ಅರ್ಧಕ್ಕೇ ಎದ್ದು ಬಂದವನು ಮತ್ತೆ ಯಾರೆದುರೂ ಕೊಳಲು ಬಾಯಿಗೆ ಹಚ್ಚಲಿಲ್ಲ. ನುಡಿಸುವುದನ್ನೇನೂ ಬಿಡಲಿಲ್ಲ, ಆದರೆ ಅಂಗಡಿ ಮುಚ್ಚಿದ ಮೇಲೆ ಕಲ್ಲಿನ ಹಲಗೆಗಳ ನಡುವೆ, ಇಲ್ಲವೇ ಮನೆಯಲ್ಲಿ ಬಾಗಿಲು ಹಾಕಿಕೊಂಡು. ಇಲ್ಲಿನ ಕನ್ನಡದವರ ಕಾರ್ಯಕ್ರಮದಲ್ಲಿ ನುಡಿಸಿ ಅಂತ ಯಾರಾದರೂ ಕೇಳಿದರೆ ಒಂದು ವರ್ಷ ಹಲ್ಲು ನೋವು, ಇನ್ನೊಂದು ವರ್ಷ ಕೊಳಲು ಸೀಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನನ್ನ ಹತ್ತಿರ ಡೊಂಕು ನೆಲಗಳ ದಾಸ್ತಾನೇ ಇತ್ತು.

ಇದರಿಂದ ನನಗೆ ಅಂಥ ನಷ್ಟವೇನೂ ಆಗಿಲ್ಲ ಅಂದುಕೊಂಡಿದ್ದೆ. ಒಂದು ದಿನ ಹೆಂಡತಿ ಚಹಾದ ಕಪ್ಪು ಕೈಗೆ ಕೊಡುತ್ತ, ಸಿಟ್ಟೂ ಇಲ್ಲದೆ ನಗುವೂ ಇಲ್ಲದೆ ಹೇಳಿದಳು:

"ಮದುವ್ಯಾಗಿ ಇಷ್ಟ್ ವರ್ಷ ಆತು. ನಿಮ್ಮ ಕೊಳಲು ನಾ ಬಾಗಲಾ ಹಿಂದ ನಿಂತ ಕೇಳೇನ್ರಿ. ಒಮ್ಮೆರೆ ಎದುರಿಗೆ ಕುಂತು ಕೇಳಬೇಕಂತ ಅನಸ್ತದ."

ಚಹಾ ಕುಡಿದು ಕಪ್ಪು ತೊಳೆದಿಟ್ಟೆ. ಅವಳೆದುರು ಕೂತು ನುಡಿಸಲಿಕ್ಕೆ ನಾನು ಪ್ರಯತ್ನಪಡದೇ ಇರಲಿಲ್ಲ. ಅವಳು ಒಬ್ಬಳೇ ಇದ್ದರೂ, ಕಣ್ಣು ಮುಚ್ಚಿಕೊಂಡರೂ, ತುಟಿ ಒಣಗುತ್ತಿತ್ತು. ಬೇರೆಯವರ ಮುಂದೆ ಹೆದರುವುದಕ್ಕೆ ಕಾರಣ ಹೇಳಬಹುದು. ಹೆಂಡತಿಯ ಮುಂದೆ ಹೆದರುವುದಕ್ಕೆ ಏನಂತ ಹೇಳುವುದು?

ಮತ್ತೆ ಮತ್ತೆ ಅಳೆದ ಕಟ್ಟೆ

ಹ್ಯೂಸ್ಟನ್ನಿನ ಹಳೆಯ ಓಣಿಯೊಂದರಲ್ಲಿ ಒಂದು ಅಡುಗೆಮನೆಯ ಕೆಲಸ ಬಂತು. ಮನೆಯವರು ಐರ್ಲೆಂಡಿನಿಂದ ಬಂದು ಇಲ್ಲೇ ನೆಲೆಸಿದ, ವಯಸ್ಸಾದ ಹೆಣ್ಣುಮಗಳು. ನಾನು ಟೇಪು ಹಿಡಿದು ಕಟ್ಟೆ ಅಳೆಯುತ್ತಿದ್ದೆ, ಅವರು ಪಕ್ಕದ ಕೋಣೆಗೆ ಹೋಗಿ ಕರಿ ಮರದ ಕೊಳಲು ತೆಗೆದು ಊದತೊಡಗಿದರು. ಸಣ್ಣ ಮಟ್ಟು. ಹೊರಟೆ ಅಂತ ಹೇಳಿ ಬಾಗಿಲವರೆಗೆ ಹೋದವರು ಏನೋ ನೆನಪಾಗಿ ಮತ್ತೆ ಒಳಗೆ ಬರುತ್ತಾರಲ್ಲ, ಹಾಗೆ ಮತ್ತೆ ಮತ್ತೆ ಮೊದಲಿಗೇ ಬರುತ್ತಿತ್ತು. ನಾನು ಟೇಪು ಹಿಡಿದವನು ಹಿಡಿದ ಹಾಗೇ ನಿಂತುಬಿಟ್ಟೆ.

ಅವರು ನಿಲ್ಲಿಸಿ ಹೊರಬಂದರು. ಮುಗಿಯಿತೇ ಅಂತ ಕೇಳಿದರು. ಇಲ್ಲ, ಸಿಂಕಿನ ಕಡೆ ಸ್ವಲ್ಪ ಅನುಮಾನ, ಇನ್ನೊಮ್ಮೆ ಅಳೆಯಬೇಕು ಅಂದೆ. ಅವರು ಮತ್ತೆ ಹೋಗಿ ಊದಿದರು. ಆಮೇಲೆ ಒಲೆಯ ಕಡೆ ಅನುಮಾನ ಬಂತು. ಆಮೇಲೆ ಕಿಟಕಿಯ ಕಡೆ. ಅರ್ಧ ಗಂಟೆಯ ಕೆಲಸ ಮಧ್ಯಾಹ್ನ ನುಂಗಿತು. ಹೆಣ್ಣುಮಗಳು ನನ್ನನ್ನು ದಡ್ಡ ಅಂದುಕೊಂಡಿರಬೇಕು ಅಂತ ನಾಚಿಕೊಂಡು ಹೊರಟೆ. ಮರುವಾರ ಅದೇ ಓಣಿಯಿಂದ ಇನ್ನೆರಡು ಮನೆಯವರು ಫೋನ್ ಮಾಡಿದರು. ಇಡೀ ಹ್ಯೂಸ್ಟನ್ನಿನಲ್ಲಿ ಇಷ್ಟು ಎಚ್ಚರಿಕೆಯಿಂದ ಅಳೆಯುವ ಕಲ್ಲಿನವನು ಇನ್ನೊಬ್ಬನಿಲ್ಲ ಅಂತ ಆಕೆ ಅವರಿಗೆ ಹೇಳಿದ್ದರಂತೆ.

ಕಲ್ಲು ಕೂರಿಸಲು ಹೋದ ದಿನ ತಡೆಯಲಾರದೆ ನಿಜ ಹೇಳಿದೆ. ಅವರು ಕೊಳಲನ್ನೇ ಕೈಗೆ ಕೊಟ್ಟರು. ಅದಕ್ಕೂ ಆರೇ ತೂತು, ಕೈಗೆ ಹೊಸದೆನಿಸಲಿಲ್ಲ. ಊದಿ ನೋಡು ಅಂದರು. ನೀವು ದಯವಿಟ್ಟು ಹಿತ್ತಲಿಗೆ ಹೋಗಬೇಕು ಅಂದೆ. ಅವರು ಏನೂ ಕೇಳದೆ ಹೋಗಿ ಗುಲಾಬಿ ಗಿಡಕ್ಕೆ ನೀರು ಹಾಕಿದರು. ನಾನು ಊದುವಷ್ಟು ಹೊತ್ತೂ ಒಂದೇ ಗಿಡಕ್ಕೆ ಹಾಕಿದರು.

ಒಳಗೆ ಬಂದ ಮೇಲೆ ಬೇಸಿಗೆ ಶಾಲೆಯ ವಿಷಯ ಹೇಳಿದರು. ಡಲ್ಲಾಸಿನ ದಕ್ಷಿಣಕ್ಕೆ ಕೆರೆಯ ದಂಡೆಯ ಮೇಲೊಂದು ಶಿಬಿರದ ಜಾಗ. ಒಂದು ವಾರ ಅಲ್ಲೇ ವಾಸ, ಅಲ್ಲೇ ಊಟ, ಅಲ್ಲೇ ಪಾಠ. ಅವರೂ ಅಲ್ಲಿ ಕಲಿಸುತ್ತಾರೆ. ನನಗೆ ಎದುರಿಗೆ ಯಾರಿದ್ದರೂ ಆಗುವುದಿಲ್ಲ ಅಂದೆ. ಅದಕ್ಕೆ ಅವರು, ನಮ್ಮ ಸಂಗೀತದಲ್ಲಿ ಎಲ್ಲರೂ ಸುತ್ತ ಕೂತು ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತೇವೆ, ನಿನ್ನ ಕೊಳಲು ನಿನಗೇ ಸರಿಯಾಗಿ ಕೇಳುವುದಿಲ್ಲ ಅಂದರು. ಇಂಥ ಸಂಗೀತ ಜಗತ್ತಿನಲ್ಲಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಹೆಸರು ಕೊಟ್ಟು, ಅವರ ಹತ್ತಿರವಿದ್ದ ಇನ್ನೊಂದು ಕರಿ ಕೊಳಲನ್ನು ಕಡ ತೆಗೆದುಕೊಂಡೆ.

ಹೆಂಡತಿ ಆ ವಾರ ಡಲ್ಲಾಸಿನ ಉತ್ತರದ ಪ್ರಾಸ್ಪರ್‌ನಲ್ಲಿರುವ ತಂಗಿಯ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಕೊನೆಯ ದಿನ ಮಧ್ಯಾಹ್ನ ಮನೆಯವರೂ ಬಂದು ಕೇಳಬಹುದು ಅಂತ ಶಾಲೆಯವರು ತಿಳಿಸಿದ್ದರು. ಇವಳು ಅದನ್ನು ನನಗಿಂತ ಮೊದಲೇ ಓದಿದ್ದಳು. ನಾ ಬರ್ತೇನಿ ಅಂದಳು, ಅಷ್ಟೇ.

ಎಲೆ, ಅಡಿಕೆ, ತೆಂಗಿನಕಾಯಿ

ಗುರುವಿನ ಹತ್ತಿರ ಬರಿಗೈಯಲ್ಲಿ ಹೋಗಬಾರದು. ಹೊರಡುವ ಮೊದಲು ಹಿಲ್‌ಕ್ರಾಫ್ಟ್ ಬೀದಿಯ ಅಂಗಡಿಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಒಂದು ತೆಂಗಿನಕಾಯಿ ಕಟ್ಟಿಸಿಕೊಂಡೆ. ಮೊದಲ ದಿನ ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಅವನ್ನೆಲ್ಲ ನಮ್ಮ ಗುರುಗಳಾದ ಆ ಐರಿಶ್ ಹೆಣ್ಣುಮಗಳ ಮುಂದಿಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದು ಕೂತೆ. ಅವರು ಗಾಬರಿಯಾಗಲಿಲ್ಲ. ತೆಂಗಿನಕಾಯನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ಥ್ಯಾಂಕ್ಸ್ ಹೇಳಿ ಪಾಠ ಶುರುಮಾಡಿದರು.

ಆ ಕ್ಲಾಸಿಗೆ ಯಾವ ವಾದ್ಯ ಬೇಕಾದರೂ ತರಬಹುದಿತ್ತು. ಪಿಟೀಲು, ಕೊಳಲು, ಬ್ಯಾಂಜೋ ಎಲ್ಲ ಇದ್ದವು. ನನ್ನ ಪಕ್ಕದಲ್ಲಿ, ತಿದಿ ಎಳೆದು ನುಡಿಸುವ ಅಕಾರ್ಡಿಯನ್ ಹಿಡಿದ ಒಬ್ಬ ಅಜ್ಜ ಕೂರುತ್ತಿದ್ದರು. ಟೆಕ್ಸಾಸಿನವರೇ, ಮೊದಲು ಶಾಲೆಯ ಬಸ್ ಓಡಿಸುತ್ತಿದ್ದವರು, ಆಳು ದೊಡ್ಡದು, ಮಾತು ಕಡಿಮೆ. ನನ್ನ ನಮಸ್ಕಾರವನ್ನು ಅವರು ಬಹಳ ಗಮನವಿಟ್ಟು ನೋಡಿದ್ದರು.

ಮರುದಿನ ಬೆಳಿಗ್ಗೆ ಅಜ್ಜ ಒಂದು ಬುಟ್ಟಿ ಪೀಚ್ ಹಣ್ಣು ತಂದು ಗುರುಗಳ ಮುಂದಿಟ್ಟರು. ಅವರ ಹಿಂದೆ ಬ್ಯಾಂಜೋದವನು ಉಪ್ಪಿನಕಾಯಿಯ ಶೀಶೆ ಇಟ್ಟ. ಪಿಟೀಲಿನ ಹುಡುಗಿ ಊಟದ ಮನೆಯಿಂದ ತಂದ ಮಫಿನ್ ಇಟ್ಟು ಗುರುಗಳ ಬೂಟಿನ ತುದಿ ಮುಟ್ಟಿದಳು. ನಾನು ಮಾಡಿದ್ದೇ ಇಲ್ಲಿನ ಪದ್ಧತಿಯೆಂದೂ ತಮಗೆ ಯಾರೂ ಹೇಳದೆ ತಪ್ಪಿಹೋಯಿತೆಂದೂ ಎಲ್ಲರೂ ತಿಳಿದಿದ್ದರು. ಅಜ್ಜ ಮಾತ್ರ ಬಗ್ಗಿದವರು ಮೇಲೇಳಲಾಗದೆ, ನಾನೂ ಬ್ಯಾಂಜೋದವನೂ ಸೇರಿ ಎತ್ತಿ ನಿಲ್ಲಿಸಬೇಕಾಯಿತು.

ಇದು ಹೀಗಲ್ಲ ಅಂತ ವಿವರಿಸೋಣವೆಂದು ಬಾಯಿ ತೆರೆದೆ. ಅವರೆಲ್ಲರ ಮುಖ ನೋಡಿದರೆ ಹಿಂದಿನ ದಿನ ಇಲ್ಲದ ಒಂದು ಸಮಾಧಾನ. ಕಲಿಯುವ ಮೊದಲು ಏನಾದರೂ ಕೊಡಬೇಕು, ಒಂದಿಷ್ಟು ಬಗ್ಗಬೇಕು ಅನ್ನುವ ಆಸೆ ಮನುಷ್ಯನಿಗೆ ಎಲ್ಲ ಊರಿನಲ್ಲೂ ಇರುತ್ತದೋ ಏನೋ. ಹಾಗಾಗಿ ಸುಮ್ಮನಾದೆ. ವಾರದ ನಡುವೆ ಪಕ್ಕದ ಕ್ಲಾಸಿನ ಪಿಟೀಲು ಮೇಷ್ಟ್ರು ನಮ್ಮ ಬಾಗಿಲಲ್ಲಿ ನಿಂತು, ನಿಮ್ಮ ಶಿಷ್ಯರಿಗೆ ಇದನ್ನೆಲ್ಲ ಹೇಗೆ ಕಲಿಸಿದಿರಿ ಅಂತ ನಮ್ಮ ಗುರುಗಳನ್ನು ಗುಟ್ಟಾಗಿ ಕೇಳಿದರು.

ಹೆಸರಿಲ್ಲದ ಮಟ್ಟು

ನನ್ನ ಜೊತೆ ಒಂದೇ ಕೋಣೆಯಲ್ಲಿ ಉಳಿದಿದ್ದವನು ಮೈಸೂರಿನವನು, ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ತಲೆ ಅರ್ಧ ಬೆಳ್ಳಗಾಗಿದ್ದರೂ ನನ್ನನ್ನು ಅಂಕಲ್ ಅನ್ನುತ್ತಿದ್ದ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತವನು. ಎಲ್ಲರೂ ಕುರ್ಚಿಯ ಮೇಲೆ ಕೂತು ಗಲ್ಲಕ್ಕೆ ಒತ್ತಿ ಹಿಡಿದರೆ ಇವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಪಿಟೀಲಿನ ತುದಿಯನ್ನು ಹಿಮ್ಮಡಿಗೆ ಆನಿಸಿಕೊಳ್ಳುತ್ತಿದ್ದ.

ಅಲ್ಲಿ ಕಾಗದ ನೋಡಿ ಕಲಿಯುವುದಿಲ್ಲ. ಗುರುಗಳು ಒಂದು ತುಣುಕು ನುಡಿಸುತ್ತಾರೆ, ನಾವು ಅದನ್ನೇ ನುಡಿಸಬೇಕು. ನಮಗೂ ಹಾಗೇ ಅಲ್ಲವೇ ಅಭ್ಯಾಸ. ತೊಂದರೆ ಬಂದದ್ದು ಬೇರೆ ಕಡೆ. ಅವರು ಹೊಸ ಮಟ್ಟೊಂದನ್ನು ಹೇಳಿಕೊಟ್ಟರು. ಇದರ ಹೆಸರೇನು ಅಂತ ಮೈಸೂರಿನವನು ಕೇಳಿದ. ಗೊತ್ತಿಲ್ಲ, ನಮ್ಮ ಸೋದರಮಾವ ನುಡಿಸುತ್ತಿದ್ದ, ಅವನಿಗೂ ಗೊತ್ತಿರಲಿಲ್ಲ ಅಂದರು ಅವರು. ಹೆಸರಿಲ್ಲದ್ದನ್ನು ನೆನಪಿಟ್ಟುಕೊಳ್ಳುವುದು ಹೇಗೆ ಅಂತ ಇವನಿಗೆ ಸಂಕಟವಾಯಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ, ಅಂಕಲ್, ಇದು ಅಪ್ಪಟ ಹರಿಕಾಂಬೋಜಿ ಅಂದ.

ನಾನು ಸುಮ್ಮನಿರಬೇಕಿತ್ತು. ಆದರೆ ಹುಬ್ಬಳ್ಳಿ ಕಿವಿ ಸುಮ್ಮನಿರುತ್ತದೆಯೇ? ಇದು ಖಮಾಜ್ ಅಂದೆ. ಎರಡೂ ಹೆಚ್ಚುಕಡಿಮೆ ಅವೇ ಸ್ವರ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದರೇನು, ಜಗಳ ಬೆಳೆಯಿತು. ಅವನು ಆರೋಹಣ ಹಾಡಿ ತೋರಿಸಿದ, ನಾನು ಅವರೋಹಣದಲ್ಲಿ ಹಿಡಿದೆ. ನಿಮ್ಮ ಕಡೆ ಗಮಕ ಎಲ್ಲಿದೆ ಅಂದ ಅವನು. ನಿಮ್ಮ ಕಡೆ ಒಂದ್ ಸ್ವರದ ಮ್ಯಾಲೆ ತಡಕೊಳ್ಳೋದೆಲ್ಲಿ ಐತಿ ಅಂದೆ ನಾನು. ಕ್ಲಾಸಿನವರೆಲ್ಲ ವಾದ್ಯ ತೊಡೆಯ ಮೇಲಿಟ್ಟುಕೊಂಡು ಟೆನಿಸ್ ನೋಡುವವರಂತೆ ನಮ್ಮಿಬ್ಬರನ್ನು ನೋಡುತ್ತಿದ್ದರು.

ಎಚ್ಚರವಾದಾಗ ನಾಚಿಕೆಯಾಗಿ ಕ್ಷಮೆ ಕೇಳಿದೆವು. ಗುರುಗಳು ಯಾವುದರ ಬಗ್ಗೆ ಜಗಳ ಅಂತ ವಿಚಾರಿಸಿದರು. ಮಟ್ಟು ಯಾರ ಕಡೆಗೆ ಸೇರಿದ್ದು ಅಂತ ಅಂದೆ. ಅವರು ಬಹಳ ಸಂತೋಷಪಟ್ಟರು. ಅವರ ಸೋದರಮಾವನೂ ಪಕ್ಕದ ಮನೆಯವನೂ ಇದೇ ಮಟ್ಟಿನ ವಿಷಯಕ್ಕೆ ಜಗಳವಾಡಿ ಸಾಯುವ ತನಕ ಮಾತು ಬಿಟ್ಟಿದ್ದರಂತೆ. ಈಗ ನಿಮಗೆ ಈ ಮಟ್ಟು ನಿಜವಾಗಿ ಬಂತು ಅಂದರು. ಹಾಗಾದರೆ ನಾವೂ ಮಾತು ಬಿಡೋಣವೇ ಅಂತ ಮೈಸೂರಿನವನನ್ನು ಕೇಳಿದೆ. ಆಗಲ್ಲ ಅಂಕಲ್, ಕೋಣೆಯ ಬೀಗದ ಕೈ ಒಂದೇ ಇರೋದು ಅಂದ.

ಬಟ್ಟೆ ಒಗೆಯುವ ಕೋಣೆ

ಗುರುಗಳು ಹೇಳಿದ್ದು ನಿಜವೇ ಆಗಿತ್ತು. ಎಲ್ಲರ ನಡುವೆ ನುಡಿಸುವಾಗ ನನಗೆ ಹೆದರಿಕೆಯಾಗಲಿಲ್ಲ. ಇಷ್ಟು ಜನರ ಧ್ವನಿಯಲ್ಲಿ ನನ್ನದು ಕೆರೆಗೆ ಸುರಿದ ಒಂದು ಕೊಡ ನೀರು. ಆದರೆ ಒಬ್ಬನೇ ಅಭ್ಯಾಸ ಮಾಡಬೇಕೆನಿಸಿದಾಗ ಹಳೆಯ ಚಾಳಿ ಹೋಗಲಿಲ್ಲ. ಬಾಗಿಲು ಹಾಕಿಕೊಳ್ಳಲು ಜಾಗ ಹುಡುಕಿದೆ. ಶಿಬಿರದ ಬಟ್ಟೆ ಒಗೆಯುವ ಕೋಣೆ ಸಿಕ್ಕಿತು. ಮಷೀನು ಗುಡುಗುಡು ಅನ್ನುತ್ತಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕವೂ ಇತ್ತು. ಇದಕ್ಕಿಂತ ಏನು ಬೇಕು.

ಒಂದು ಸಂಜೆ ಅಲ್ಲಿ ಕೂತು ಆ ಹೆಸರಿಲ್ಲದ ಮಟ್ಟನ್ನು ನುಡಿಸುತ್ತಿದ್ದೆ. ಮಷೀನು ನಿಂತಿತು. ನಾನು ನಿಲ್ಲಿಸಲಿಲ್ಲ. ಆಗ ಹೊರಗಿನಿಂದ ಒಂದು ಅಕಾರ್ಡಿಯನ್ ಸೇರಿಕೊಂಡಿತು. ಹಿಂದೆಯೇ ಬ್ಯಾಂಜೋ, ಅದರ ಹಿಂದೆ ಎರಡು ಪಿಟೀಲು. ಬಟ್ಟೆ ತೆಗೆಯಲು ಬಂದವರು ಬಾಗಿಲು ತಟ್ಟುವುದು ಸರಿಯಲ್ಲವೆಂದು ಹೊರಗೆ ಮೆಟ್ಟಿಲ ಮೇಲೆ ಕೂತು ನುಡಿಸುತ್ತಿದ್ದರು. ನಾನು ನಿಲ್ಲಿಸಿದೆ. ಅವರೂ ನಿಲ್ಲಿಸಿದರು. ಮತ್ತೆ ಶುರುಮಾಡಿದೆ, ಅವರೂ ಮಾಡಿದರು. ಒಳಗೆ ನಾನು, ಹೊರಗೆ ಅವರು, ನಡುವೆ ಒಂದು ಹಲಗೆ. ನನ್ನ ಹೆಂಡತಿ ಇಷ್ಟು ವರ್ಷ ನಿಂತ ಜಾಗ ಎಂಥದ್ದು ಅಂತ ನನಗೆ ಆವತ್ತು ಸರಿಯಾಗಿ ಅರ್ಥವಾಯಿತು. ನನ್ನ ಮೇಲೆ ನನಗೇ ಬೇಜಾರಾಯಿತು.

ಬೇಜಾರಾದರೂ ಚಿಲಕ ತೆಗೆಯಲು ಕೈ ಬರಲಿಲ್ಲ. ಅವರೆಲ್ಲ ಊಟಕ್ಕೆ ಎದ್ದುಹೋಗುವ ತನಕ ಒಣಗಿದ ಟವೆಲುಗಳ ನಡುವೆ ಉಸಿರು ಬಿಗಿಹಿಡಿದು ಕೂತಿದ್ದೆ. ಕೋಣೆಗೆ ಹೋದರೆ ಮೈಸೂರಿನವನು ಕಾಯುತ್ತಿದ್ದ.

"ಅಂಕಲ್, ನಿಮ್ಮ ಊಟ ಎತ್ತಿಟ್ಟಿದೀನಿ. ಕ್ಯಾಂಪಲ್ಲಿ ಯಾರಿಗೂ ನಾಳೆಗೆ ಸಾಕ್ಸ್ ಇಲ್ಲ. ಆದ್ರೂ ಯಾರೂ ಬೇಜಾರ್ ಮಾಡ್ಕೊಂಡಿಲ್ಲ."

ವಾಹ್

ಮರುದಿನ ಗುರುಗಳು ನನ್ನನ್ನು ಪಕ್ಕಕ್ಕೆ ಕರೆದರು. ಸುದ್ದಿ ಅವರಿಗೂ ಮುಟ್ಟಿತ್ತು. ಕೊನೆಯ ಮಧ್ಯಾಹ್ನ ಎಲ್ಲರೂ ಸುತ್ತ ಕೂತು ನುಡಿಸುತ್ತೇವೆ, ಯಾರಾದರೂ ಒಬ್ಬರು ಮಟ್ಟನ್ನು ಎತ್ತಿಕೊಡಬೇಕು, ಉಳಿದವರು ಸೇರಿಕೊಳ್ಳುತ್ತಾರೆ, ನೀನೊಂದು ಎತ್ತಿಕೊಡು ಅಂದರು. ಮೊದಲ ನಾಲ್ಕು ಸ್ವರ ಮಾತ್ರ ನಿನ್ನೊಬ್ಬನದು. ಆ ನಾಲ್ಕೇ ನನಗೆ ಬೆಟ್ಟದಂತೆ ಕಂಡವು. ಆಗುವುದಿಲ್ಲ ಅಂತ ಕೈ ಮುಗಿದೆ.

ಆ ಸಂಜೆ ಮೇಷ್ಟ್ರುಗಳ ಕಛೇರಿ ಇತ್ತು. ಗುರುಗಳು ವಿಳಂಬದಲ್ಲಿ ಒಂದು ಶೋಕದ ಮಟ್ಟು ಎತ್ತಿದರು. ಇಂಥ ಮಟ್ಟು ನುಡಿಸುವಾಗ ಅವರಲ್ಲಿ ಯಾರೂ ಜೊತೆಗೆ ಸೇರುವುದಿಲ್ಲ, ಕೆಮ್ಮುವುದು ಕೂಡ ಇಲ್ಲ. ಇಡೀ ಹಾಲ್ ಕಣ್ಣು ಮುಚ್ಚಿಕೊಂಡಿತ್ತು. ಅವರು ಮೇಲಿನ ಸ್ವರವೊಂದಕ್ಕೆ ಹೋಗಿ ಅಲ್ಲೇ ನಿಂತರು. ಇಳಿಯಲೇ ಇಲ್ಲ. ನಿಂತೇ ಇದ್ದರು. ಹುಬ್ಬಳ್ಳಿ-ಧಾರವಾಡದ ಕಡೆ ಕೂತು ಸಂಗೀತ ಕೇಳಿದ ಯಾರಿಗಾದರೂ ಆಗ ಏನಾಗಬೇಕೋ ನನಗೂ ಅದೇ ಆಯಿತು. ಹೊಟ್ಟೆಯೊಳಗಿಂದ ಒಂದು "ವಾಹ್" ಬಂದುಬಿಟ್ಟಿತು. ಸಣ್ಣದೇನಲ್ಲ.

ಇಡೀ ಹಾಲ್ ಕಣ್ಣು ತೆರೆದು ನನ್ನನ್ನು ನೋಡಿತು. ಮೈಸೂರಿನವನು ಕೂಡ, ತನಗೆ ಪರಿಚಯವೇ ಇಲ್ಲದವನಂತೆ, ಆ ಕಡೆಗೆ ಸರಿದು ಕೂತ. ಕಛೇರಿ ಮುಗಿದ ಮೇಲೆ ತಪ್ಪಾಯಿತು ಅಂತ ಹೇಳಲು ಗುರುಗಳ ಹತ್ತಿರ ಹೋದೆ. ಅವರು ನನ್ನ ಕೈ ಹಿಡಿದು ಮೆಲ್ಲಗೆ, ಆ ಸ್ವರದ ಮೇಲೆ ತಾನು ನಿಂತದ್ದು ಭಾವ ಬಂದು ಅಲ್ಲ, ಮುಂದಿನದು ಮರೆತುಹೋಗಿತ್ತು ಅಂದರು. ಜೀವಮಾನವೆಲ್ಲ ನುಡಿಸಿದ ಮಟ್ಟು. ಎಲ್ಲರೂ ಕಣ್ಣು ತೆರೆದು ನಿನ್ನನ್ನು ನೋಡುತ್ತಿರುವಾಗ ನನಗೆ ಹುಡುಕಿಕೊಳ್ಳಲು ಒಂದು ಕ್ಷಣ ಸಿಕ್ಕಿತು ಅಂದರು.

"ಈಗಲೂ ನಿಮಗೆ ಹೆದರಿಕೆ ಆಗುತ್ತದೆಯೇ?" ಅಂತ ಕೇಳಿದೆ.

ಪ್ರತಿ ಸಲ ಅಂದರು. ಮತ್ತೆ ಹೇಗೆ ನುಡಿಸುತ್ತೀರಿ ಅಂದೆ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ನುಡಿಸುತ್ತೇನೆ, ಹೊರಗೆ ಹೋಗು ಅಂದರೆ ಅದು ಹೋಗುವುದಿಲ್ಲ ಅಂದರು. ಇಷ್ಟು ವರ್ಷ ನಾನು ಹೆದರಿಕೆ ಹೋಗಲಿ, ಆಮೇಲೆ ನುಡಿಸೋಣ ಅಂತ ಕಾಯುತ್ತಿದ್ದೆ. ಹೋಗುವುದೇ ಇಲ್ಲ ಅಂತ ಗೊತ್ತಾದದ್ದು ಎಷ್ಟೋ ಹಗುರ ಅನಿಸಿತು. ಸರಿ, ಎತ್ತಿಕೊಡುತ್ತೇನೆ ಅಂದೆ. ಅವರು ತಲೆಯಾಡಿಸಿ, ಮುಂದಿನ ಕಛೇರಿಗೂ ನೀನು ಮುಂದಿನ ಸಾಲಿನಲ್ಲೇ ಕೂರಬೇಕು, ನನಗೆ ಈಚೆಗೆ ಮರೆವು ಜಾಸ್ತಿ ಅಂದರು.

ಹಿರಿಯರು ಏಳುವ ತನಕ

ಕೊನೆಯ ಮಧ್ಯಾಹ್ನ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಊಟದ ಮನೆಯ ಮೇಜುಗಳನ್ನು ಸರಿಸಿ ದುಂಡಗೆ ಕುರ್ಚಿ ಹಾಕಿದ್ದರು. ಹೆಂಡತಿ ಪ್ರಾಸ್ಪರ್‌ನಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಳು. ಇಳಕಲ್ ಸೀರೆ ಉಟ್ಟಿದ್ದಳು. ಸುತ್ತಿನ ಹೊರಗೆ, ಸರಿಯಾಗಿ ನನ್ನೆದುರಿಗೆ ಕುರ್ಚಿ ಎಳೆದುಕೊಂಡು ಕೈ ಕಟ್ಟಿ ಕೂತಳು. ನನ್ನ ತುಟಿ ಆಗಲೇ ಒಣಗಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಅವರ ಪದ್ಧತಿಯಲ್ಲಿ ಮಟ್ಟನ್ನು ಯಾರು ಎತ್ತಿಕೊಡುತ್ತಾರೋ ಅವರೇ ಅದನ್ನು ನಿಲ್ಲಿಸಬೇಕು. ಎರಡೋ ಮೂರೋ ಸುತ್ತು ಆದ ಮೇಲೆ ಅವರು ಒಂದು ಕಾಲು ಎತ್ತಿ ಸನ್ನೆ ಮಾಡುತ್ತಾರೆ, ಎಲ್ಲರೂ ಅಲ್ಲಿಗೆ ಮುಗಿಸುತ್ತಾರೆ. ಅವರು ಸನ್ನೆ ಮಾಡುವ ಮೊದಲು ಬಿಟ್ಟುಬಿಡುವುದು ಅಂದರೆ, ನಿನ್ನ ಮಟ್ಟು ಸಾಕಾಯಿತು ಅಂತ ಮುಖಕ್ಕೆ ಹೇಳಿದ ಹಾಗೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ನನಗೆ ಯಾರೂ ಹೇಳಿರಲಿಲ್ಲ. ವಾರವೆಲ್ಲ ನಾನು ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು ಊದಿದವನು, ಯಾರ ಕಾಲು ಯಾವಾಗ ಮೇಲೇಳುತ್ತದೆ ಅಂತ ನೋಡಿದವನಲ್ಲ.

ಗುರುಗಳು ನನ್ನ ಕಡೆ ತಿರುಗಿದರು. ಹೆದರಿಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಳಲು ಎತ್ತಿದೆ. ಮೊದಲ ಸ್ವರ ಬರೀ ಗಾಳಿ. ಎರಡನೆಯದೂ ಗಾಳಿ. ಮೂರನೆಯದಕ್ಕೆ ಧ್ವನಿ ಹತ್ತಿತು. ಪಕ್ಕದಲ್ಲಿದ್ದ ಅಜ್ಜ ಕೂಡಲೇ ಅಕಾರ್ಡಿಯನ್ ಬಿಚ್ಚಿ ನನ್ನ ಬೆನ್ನಿಗೆ ನಿಂತರು. ಮೈಸೂರಿನವನು ನೆಲದಿಂದ ಸೇರಿಕೊಂಡ. ನೋಡುವಷ್ಟರಲ್ಲಿ ಇಡೀ ಸುತ್ತು ನುಡಿಸುತ್ತಿತ್ತು. ಕಣ್ಣು ತೆರೆದೆ. ಹೆಂಡತಿ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ನನ್ನ ಬೆರಳು ಕೊಳಲಿನ ಮೇಲೆ ಹೇಗೆ ಓಡುತ್ತವೆ ಅಂತ ಅವಳು ಅದುವರೆಗೆ ನೋಡಿಯೇ ಇರಲಿಲ್ಲ. ಅವಳ ಕಣ್ಣು ತುಂಬಿಬಂದವು. ನನಗೂ ಬರುತ್ತಿದ್ದವು, ಆದರೆ ಊದುವವನು ಅಳುವ ಹಾಗಿಲ್ಲ.

ಒಂದು ಸುತ್ತಾಯಿತು, ಎರಡಾಯಿತು, ಮೂರಾಯಿತು. ನಿಲ್ಲಿಸುವುದು ಹೇಗೆ ಅನ್ನುವ ಪ್ರಶ್ನೆ ಆಗ ಬಂತು. ನಮ್ಮಲ್ಲಿ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಹಿರಿಯರು ಏಳುವ ಮೊದಲು ನಾವು ಏಳುವಂತಿಲ್ಲ. ಹೊಟ್ಟೆ ತುಂಬಿದ್ದರೂ ಎಲೆಯ ಮೇಲಿನ ಅನ್ನವನ್ನು ಆ ಕಡೆ ಈ ಕಡೆ ಮಾಡುತ್ತ ಕೂತಿರಬೇಕು. ಇಲ್ಲಿ ಗುರುಗಳು ಕೂತಿದ್ದಾರೆ, ಎಲ್ಲರಿಗಿಂತ ದೊಡ್ಡವರಾದ ಅಜ್ಜ ಪಕ್ಕದಲ್ಲೇ ಇದ್ದಾರೆ. ಅವರು ನುಡಿಸುತ್ತಿರುವಾಗ ನಾನು ಯಾವ ಮುಖ ಹೊತ್ತು ನಿಲ್ಲಿಸಲಿ? ಅವರು ಬಿಟ್ಟಾಗ ಬಿಡೋಣ ಅಂತ ಅಜ್ಜನ ಮೇಲೆ ಒಂದು ಕಣ್ಣಿಟ್ಟು ಮುಂದುವರಿಸಿದೆ.

ಅಜ್ಜನೂ ನನ್ನ ಮೇಲೆ ಒಂದು ಕಣ್ಣಿಟ್ಟು ಮುಂದುವರಿಸಿದರು. ಗುರುಗಳು ನನ್ನತ್ತ ಹುಬ್ಬು ಹಾರಿಸಿದರು. ಚೆನ್ನಾಗಿದೆ ಅನ್ನುತ್ತಿದ್ದಾರೆ ಅಂದುಕೊಂಡು ನಾನು ಇನ್ನಷ್ಟು ಉತ್ಸಾಹದಿಂದ ಊದಿದೆ. ಬ್ಯಾಂಜೋದವನು ತನ್ನ ಕಾಲು ಸ್ವಲ್ಪ ಎತ್ತಿ ತೋರಿಸಿದ. ಪಾಪ, ಕಾಲು ಜೋಮು ಹಿಡಿದಿರಬೇಕು ಅನಿಸಿತು. ಸ್ವಲ್ಪ ಹೊತ್ತಿಗೆ ಪಿಟೀಲಿನ ಹುಡುಗಿಯೂ ಕಾಲೆತ್ತಿದಳು. ಆಮೇಲೆ ನೋಡಿದರೆ ಅರ್ಧ ಸುತ್ತಿನವರ ಕಾಲು ಗಾಳಿಯಲ್ಲಿತ್ತು. ಇಷ್ಟು ಜನಕ್ಕೆ ಒಟ್ಟಿಗೇ ಜೋಮು ಹಿಡಿಯುವಂಥ ಕುರ್ಚಿ ಯಾಕೆ ಹಾಕಿದರೋ ಅಂತ ನನಗೆ ಕನಿಕರ.

ಮೈಸೂರಿನವನು ಬಿಲ್ಲು ಎಳೆಯುವುದು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಿದ್ದ. ಬ್ಯಾಂಜೋದವನು ಕಣ್ಣು ಮುಚ್ಚಿದ್ದ, ತನ್ಮಯತೆಯೋ ನಿದ್ದೆಯೋ ತಿಳಿಯದು. ಕೇಳಲು ಬಂದ ಮನೆಯವರು ಮೆಲ್ಲಗೆ ಎದ್ದು ಹೋಗಿ ಐಸ್ ಕ್ರೀಂ ಹಾಕಿಸಿಕೊಂಡು ಬಂದು, ತಿಂದು, ಕಪ್ಪು ಎಸೆದು ಬಂದು ಕೂತರು. ಅಜ್ಜನ ಮುಖ ಕೆಂಪಾಗಿ, ಕಿವಿ ಕೆಂಪಾಗಿ, ಅಕಾರ್ಡಿಯನ್ ಮುದಿ ಎಮ್ಮೆಯಂತೆ ಏದುಸಿರು ಬಿಡುತ್ತಿತ್ತು. ಇಷ್ಟು ವಯಸ್ಸಾದವರೇ ಬಿಡುತ್ತಿಲ್ಲ ಅಂದಮೇಲೆ ಇವತ್ತು ಏನೋ ವಿಶೇಷ ಇರಬೇಕು ಅಂತ ನಾನು ಹಲ್ಲು ಕಚ್ಚುವ ಬದಲು ತುಟಿ ಬಿಗಿದು ಊದಿದೆ. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಎಲ್ಲರೂ ಸಾಯುವ ಸ್ಥಿತಿಗೆ ಬಂದಿದ್ದೆವು. ಅದರ ನಡುವೆಯೂ ಒಂದು ವಿಷಯ ನನಗೆ ತಿಳಿಯುತ್ತಿತ್ತು. ಹೆದರಿಕೆ ಪಕ್ಕದಲ್ಲಿ ಇರಲಿಲ್ಲ. ಅದಕ್ಕೂ ಬೇಸರ ಬಂದು ಎದ್ದು ಹೋಗಿತ್ತು.

ಕೊನೆಗೆ ಎದ್ದವಳು ನನ್ನ ಹೆಂಡತಿ. ಪದ್ಧತಿ ಅವಳಿಗೂ ಗೊತ್ತಿರಲಿಲ್ಲ, ಆದರೆ ಊಟಕ್ಕೆ ಬಂದವರ ಹೊಟ್ಟೆ ತುಂಬಿದ್ದು ಬಡಿಸುವವರಿಗೆ ತಿಳಿಯುತ್ತದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಸುತ್ತಿನೊಳಗೆ ಬಂದಳು. ಅಜ್ಜನಿಗೆ ನೀರಿನ ಬಾಟಲಿ ಕೊಟ್ಟಳು. ಆಮೇಲೆ ನನ್ನೆದುರಿಗೆ ಬಂದು ನಿಂತು, ಕೊಳಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಾಯಿಂದ ಇಳಿಸಿದಳು. ಊಟದ ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಎಷ್ಟೋ ಕಾಲುಗಳು ಒಟ್ಟಿಗೆ ನೆಲಕ್ಕಿಳಿದವು.

"ಇಷ್ಟ್ ವರ್ಷದ್ದೆಲ್ಲಾ ಇವತ್ತ ಊದಿ ಮುಗಸವ್ರೇನ್ರಿ?" ಅಂದಳು. "ನಾಳಿಗೂ ಒಂದೀಟು ಇಟಗೋರಿ."